ಹೊಳೆ ದಾಟುವ ಅಂಚೆಚೀಟಿಗಳು

ಭೀಮಾನದಿಯ ಉತ್ತರಕ್ಕೆ ಅಫಜಲಪುರದ ಸೀಮೆ. ದಕ್ಷಿಣಕ್ಕೆ ಇಂಡಿ, ಸಿಂದಗಿಗಳ ಸೀಮೆ. ಎರಡೂ ದಡಗಳಲ್ಲಿ ಆಡುವ ಮಾತು ಒಂದೇ, ಉಣ್ಣುವ ಜೋಳದ ರೊಟ್ಟಿಯೂ ಒಂದೇ. ಆದರೆ 1948ರವರೆಗೆ ಆಚೆಯದು ಮುಂಬಯಿ ಪ್ರಾಂತವಾಗಿತ್ತು. ಈಚೆಯದು ನಿಜಾಮರ ಹೈದರಾಬಾದು ಸಂಸ್ಥಾನವಾಗಿತ್ತು. ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ಅಂಚೆ. ಅದರ ಮೊದಲ ಅಂಚೆಚೀಟಿ ಹೊರಟದ್ದು 1869ರಲ್ಲಿ. ಆ ಚೀಟಿಗಳಿಗೆ ಸಂಸ್ಥಾನದ ಎಲ್ಲೆಯೊಳಗೆ ಮಾತ್ರ ಬೆಲೆ. ಹೊಳೆಯಾಚೆಯ ಬೀಗರಿಗೆ ಕಾಗದ ಬರೆಯುವವರು ಬ್ರಿಟಿಷ್ ಭಾರತದ ಚೀಟಿಯನ್ನೇ ಅಂಟಿಸಬೇಕಾಗಿತ್ತು.

ಅಂದು ಹೊಳೆ ದಾಟಲಾರದಿದ್ದ ಚೀಟಿಗಳು ಇಂದು ದಾಟಬಲ್ಲವು. ದಾಟಿಸುವವರು ಅಂಚೆಚೀಟಿ ಸಂಗ್ರಹಿಸುವ ಹವ್ಯಾಸಿಗಳು. ಅಮೆರಿಕದ ಹುಡುಗರು ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಅದಲುಬದಲು ಮಾಡಿಕೊಂಡು ತಮ್ಮ ಸಂಗ್ರಹವನ್ನು ಬೆಳೆಸುವಂತೆ, ನಮ್ಮಲ್ಲಿಯೂ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ವಿನಿಮಯವೇ ದಾರಿ.

ಒಂದು ಉದಾಹರಣೆಯನ್ನು ನೋಡೋಣ. ಹೈದರಾಬಾದು ಸಂಸ್ಥಾನವು 1931ರಲ್ಲಿ ಹೊರಡಿಸಿದ ಸಚಿತ್ರ ಮಾಲೆಯಲ್ಲಿ 1 ಆಣೆಯ ಚೀಟಿಯ ಮೇಲೆ ಚಾರ್‌ಮಿನಾರ್ ಇದೆ. 8 ಆಣೆಯದರ ಮೇಲೆ ಅಜಂತೆಯ ಗುಹೆಗಳ ದ್ವಾರ. 12 ಆಣೆಯದರ ಮೇಲೆ ನಮ್ಮ ಬೀದರಿನ ಮಹಮೂದ್ ಗವಾನನ ಮದರಸಾ. ಸ್ವತಂತ್ರ ಭಾರತವು 1949ರ ಆಗಸ್ಟ್ 15ರಂದು ಹೊರಡಿಸಿದ ಮಾಲೆಯ 6 ಆಣೆಯ ಚೀಟಿಯಲ್ಲಿ ವಿಜಾಪುರದ ಗೋಲಗುಂಬಜವಿದೆ. ಅಫಜಲಪುರದ ಬಾಲಕನ ಬಳಿ ಚಾರ್‌ಮಿನಾರಿನ ಚೀಟಿಗಳು ಮೂರಿವೆ, ಗೋಲಗುಂಬಜ ಒಂದೂ ಇಲ್ಲ ಎಂದಿಟ್ಟುಕೊಳ್ಳಿ. ಸಿಂದಗಿಯ ಬಾಲಕನ ಸ್ಥಿತಿ ಇದಕ್ಕೆ ತಿರುಗುಮುರುಗು. ಹೆಚ್ಚಾದುದನ್ನು ಕೊಟ್ಟು ಇಲ್ಲದುದನ್ನು ಪಡೆದರೆ ಇಬ್ಬರ ಸಂಗ್ರಹವೂ ಬೆಳೆಯುತ್ತದೆ, ಯಾರಿಗೂ ನಷ್ಟವಿಲ್ಲ.

ಆದರೆ ಸಮನಾದ ವಿನಿಮಯ ಯಾವುದು? ಹಾಲಿ ಸಿಕ್ಕಾ ಇನ್ನೂ ಚಲಾವಣೆಯಲ್ಲಿದ್ದಾಗ, ವಿಲೀನದ ಬಳಿಕ, 7 ಹಾಲಿ ರೂಪಾಯಿಗೆ 6 ಭಾರತೀಯ ರೂಪಾಯಿ ಎಂದು ದರ ಗೊತ್ತಾಗಿತ್ತು. ಅಂಚೆಚೀಟಿಗಳಿಗೆ ಅಂಥ ಸರ್ಕಾರಿ ದರವಿಲ್ಲ. ಲಂಡನ್ನಿನ ಸ್ಟ್ಯಾನ್ಲಿ ಗಿಬ್ಬನ್ಸ್ ಸಂಸ್ಥೆಯ ಬೆಲೆಪಟ್ಟಿ ದಾರಿ ತೋರಿಸೀತು. ಆದರೆ ಪಟ್ಟಿಯ ಬೆಲೆ ಒಳ್ಳೆಯ ಸ್ಥಿತಿಯ ಚೀಟಿಗೆ ಮಾತ್ರ. ಅಂಚಿನ ಹಲ್ಲುಗಳು ಮುರಿದಿದ್ದರೆ, ಬೆನ್ನಿನ ಕಾಗದ ಸವೆದಿದ್ದರೆ, ಮಸಿಯ ಮುದ್ರೆ ಚಿತ್ರವನ್ನೇ ಮುಚ್ಚಿದ್ದರೆ ಬೆಲೆ ಇಳಿಯುತ್ತದೆ. ಹಳೆಯದೆಲ್ಲವೂ ದುರ್ಲಭವೆಂಬುದೂ ಭ್ರಮೆ. 1840ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಪ್ರಪಂಚದ ಮೊದಲ ಅಂಚೆಚೀಟಿಯಾದ ‘ಪೆನ್ನಿ ಬ್ಲ್ಯಾಕ್’ 6 ಕೋಟಿಗೂ ಮಿಕ್ಕಿ ಅಚ್ಚಾಗಿತ್ತು. ಅದಕ್ಕಿಂತ ಎಷ್ಟೋ ತರುವಾಯದ ಚೀಟಿಗಳು ಅದಕ್ಕಿಂತ ವಿರಳವಾಗಿವೆ.

ಆದುದರಿಂದ ವಿನಿಮಯಕ್ಕೆ ಮುನ್ನ ತನ್ನ ಚೀಟಿಯ ಕುಂದನ್ನು ತಾನೇ ಹೇಳುವುದು ಈ ಹವ್ಯಾಸದ ಮೊದಲ ಮರ್ಯಾದೆ. ಹತ್ತು ವರ್ಷದ ಮಗುವಿಗೆ ಬೆಲೆ ತಿಳಿಯದೆಂದು ಹೊಳೆಯುವ ಇಪ್ಪತ್ತು ವಿದೇಶಿ ಚೀಟಿಗಳನ್ನು ಅದರ ಕೈಗಿಟ್ಟು ಒಂದು ಒಳ್ಳೆಯ ಚೀಟಿಯನ್ನು ಒಯ್ಯುವ ದೊಡ್ಡವರು ಪಡೆಯುವುದು ಒಂದು ಚೀಟಿ. ಕಳೆದುಕೊಳ್ಳುವುದು ಬಾಳಿನುದ್ದಕ್ಕೂ ಉಳಿಯಬಹುದಾಗಿದ್ದ ಸ್ನೇಹ. ದೂರದವರೊಡನೆ ಅಂಚೆಯ ಮೂಲಕ ವ್ಯವಹರಿಸುವಾಗ ಮೊದಲು ನಾಲ್ಕೈದು ಚೀಟಿಗಳನ್ನಷ್ಟೇ ಕಳುಹಿಸಿ, ಪಟ್ಟಿಯ ನಕಲನ್ನು ಇಟ್ಟುಕೊಳ್ಳುವುದು ಲೇಸು. ವಿಶ್ವಾಸ ಬೆಳೆದಂತೆ ಲಕೋಟೆಯೂ ದಪ್ಪನಾಗಲಿ.

ಇನ್ನೊಂದು ಎಚ್ಚರಿಕೆ ಮನೆಯ ಹಿರಿಯರಿಗೆ. ಹಳೆಯ ಸಂದೂಕದಲ್ಲಿ ನಿಜಾಮರ ಕಾಲದ ಕಾಗದಗಳು ದೊರೆತರೆ ಮಕ್ಕಳು ಕೂಡಲೇ ಕತ್ತರಿಯನ್ನು ಹುಡುಕುತ್ತಾರೆ. ತಡೆಯಿರಿ. ಲಕೋಟೆಯಿಂದ ಬೇರ್ಪಟ್ಟ ಚೀಟಿ ಸಾವಿರಾರು ಚೀಟಿಗಳಲ್ಲಿ ಒಂದು. ಲಕೋಟೆಯ ಮೇಲೆಯೇ ಉಳಿದ ಚೀಟಿಯಾದರೋ ಊರಿನ ಮುದ್ರೆ, ತಾರೀಖು, ವಿಳಾಸಗಳೊಡನೆ ಒಂದು ಚರಿತ್ರೆಯ ದಾಖಲೆ. ಬಲ್ಲ ಸಂಗ್ರಾಹಕರು ಅಂಥ ಇಡಿಯ ಲಕೋಟೆಗೇ ಹೆಚ್ಚು ಬೆಲೆ ಕೊಡುತ್ತಾರೆ. ಬಿಡಿ ಕಾಗದದ ಚೂರಿಗೆ ಅಂಟಿದ ಸಾಧಾರಣ ಚೀಟಿಗಳನ್ನು ಮಾತ್ರ ಉಗುರುಬೆಚ್ಚನೆಯ ನೀರಿನಲ್ಲಿ ತೇಲಿಬಿಟ್ಟು, ಬಿಡಿಸಿ, ಒತ್ತುಕಾಗದದ ನಡುವೆ ಒಣಗಿಸಬಹುದು.

ಯಾವುದನ್ನು ಕೊಡಬೇಕೆಂಬುದರಷ್ಟೇ ಯಾವುದನ್ನು ಕೊಡಬಾರದೆಂಬ ವಿವೇಕವೂ ಬೇಕು. ಎರಡಿದ್ದರೆ ಒಂದನ್ನು ಧಾರಾಳವಾಗಿ ಕೊಡಿ. ಆದರೆ ಅಜ್ಜ ಅಜ್ಜಿಗೆ ಬರೆದ, ಅಫಜಲಪುರದ ಮುದ್ರೆಯನ್ನು ಹೊತ್ತ ಏಕೈಕ ಕಾಗದಕ್ಕೆ ಯಾರು ಎಷ್ಟು ಚೀಟಿಗಳನ್ನು ಸುರಿದರೂ ಅದು ಸಮನಾಗದು. ಪ್ರಪಂಚದ ಚೀಟಿಗಳೆಲ್ಲ ಇಂದಲ್ಲ ನಾಳೆ ವಿನಿಮಯದಲ್ಲಿ ಸಿಕ್ಕಾವು. ಸ್ವಂತ ಮನೆಯ ಕಾಗದ ಒಮ್ಮೆ ಹೊಸಿಲು ದಾಟಿತೆಂದರೆ ಮರಳಿ ಬರುವುದು ದುರ್ಲಭ.