ಹಾಸಿಗೆ ಪಕ್ಕದ ಗಡಿಯಾರ ನಿಂತರೆ ಅಪಶಕುನವೇ?

1945ರ ಜೂನ್ 16. ಅಮೆರಿಕದ ಆಲ್ಬುಕರ್ಕಿ ಊರಿನ ಆಸ್ಪತ್ರೆಯೊಂದರಲ್ಲಿ ಆರ್ಲೀನ್ ಎಂಬ ಯುವತಿ ಕ್ಷಯರೋಗದಿಂದ ತೀರಿಕೊಂಡರು. ಪಕ್ಕದಲ್ಲಿ ಗಂಡ ಇದ್ದರು. 27 ವರ್ಷದ ಆ ಭೌತವಿಜ್ಞಾನಿಯ ಹೆಸರು ರಿಚರ್ಡ್ ಫೈನ್‌ಮನ್. ಮುಂದೆ 1965ರಲ್ಲಿ ನೊಬೆಲ್ ಪಡೆದವರು ಇವರೇ.

ಆರ್ಲೀನ್ ಹಾಸಿಗೆಯ ಪಕ್ಕ ಒಂದು ಗಡಿಯಾರ ಇತ್ತು. ಮುಳ್ಳುಗಳ ಬದಲು ಅಂಕಿಗಳೇ ಮಗುಚಿಕೊಂಡು ಹೊತ್ತು ತೋರಿಸುವ ಗಡಿಯಾರ. ಆರ್ಲೀನ್‌ಗೆ ಕಾಯಿಲೆ ಶುರುವಾದ ದಿನಗಳಲ್ಲಿ ಫೈನ್‌ಮನ್ ಅದನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಆಸ್ಪತ್ರೆಯಲ್ಲೂ ಆಕೆ ಅದನ್ನು ಹತ್ತಿರವೇ ಇಟ್ಟುಕೊಂಡಿದ್ದರು. ಆಕೆ ಹೋದ ಮೇಲೆ ಫೈನ್‌ಮನ್ ನೋಡುತ್ತಾರೆ: ಗಡಿಯಾರ ನಿಂತಿದೆ. ನಿಂತಿರುವುದು ಸಾವಿನ ಪ್ರಮಾಣಪತ್ರದಲ್ಲಿ ಬರೆದ ಅದೇ ಹೊತ್ತಿಗೆ!

ಇಂಥದ್ದು ನಮ್ಮ ಮನೆಯಲ್ಲಿ ನಡೆದಿದ್ದರೆ ಏನನ್ನುತ್ತಿದ್ದೆವು? ಉತ್ತರ ನಿಮಗೂ ಗೊತ್ತು. ಗಡಿಯಾರ ನಿಲ್ಲುವುದು, ದೀಪ ಆರುವುದು, ಕರಿಮಣಿ ಹರಿಯುವುದು ಇವೆಲ್ಲ ಗಂಡನಿಗೋ ಹೆಂಡತಿಗೋ ಕೇಡಿನ ಮುನ್ಸೂಚನೆ ಎಂಬ ನಂಬಿಕೆ ಬಹಳ ಹಳೆಯದು. ಐಸಿಯು ಹೊರಗಿನ ಬೆಂಚಿನ ಮೇಲೆ ಕುಳಿತವರಿಗೆ ಈ ನಂಬಿಕೆ ಇನ್ನಷ್ಟು ಗಟ್ಟಿಯಾಗಿ ಕಾಣುತ್ತದೆ. ಹಾಗಾಗಿ ಎರಡು ಪ್ರಶ್ನೆ ಕೇಳೋಣ. ಪ್ರೀತಿಯ ವಸ್ತುವಿಗೆ ರೋಗಿಯ ಆಯಸ್ಸು ಗೊತ್ತಿರುತ್ತದೆಯೇ? ಇಲ್ಲವೆಂದಾದರೆ, ಅದನ್ನು ಹಿಡಿದುಕೊಂಡಾಗ ಸಿಗುವ ನೆಮ್ಮದಿಯೂ ಸುಳ್ಳೇ?

ಗಡಿಯಾರ ನಿಂತದ್ದು ಯಾಕೆ?

ಫೈನ್‌ಮನ್ ಆ ಕೋಣೆಯಲ್ಲೇ ಕಾರಣ ಹುಡುಕಿದರು. ಗಡಿಯಾರ ತುಂಬಾ ನಾಜೂಕಾಗಿತ್ತು. ಆಗಾಗ ಕೆಡುತ್ತಿತ್ತು, ಅವರೇ ಹಲವು ಸಲ ರಿಪೇರಿ ಮಾಡಿದ್ದರು. ಸಾವಿನ ಸಮಯ ಬರೆದುಕೊಳ್ಳಲು ಬಂದ ನರ್ಸ್‌ಗೆ ಮಂದ ಬೆಳಕಿನಲ್ಲಿ ಅಂಕಿಗಳು ಸರಿಯಾಗಿ ಕಾಣದೆ, ಗಡಿಯಾರವನ್ನು ಕೈಗೆತ್ತಿಕೊಂಡು ಓರೆ ಮಾಡಿ ನೋಡಿರಬೇಕು. ಆ ಅಲುಗಾಟಕ್ಕೆ ಅದು ನಿಂತಿರಬೇಕು. ಅಂದರೆ ಪ್ರಮಾಣಪತ್ರದ ಸಮಯವೂ ನಿಂತ ಗಡಿಯಾರದ ಸಮಯವೂ ಒಂದೇ ಆಗಿದ್ದರಲ್ಲಿ ಪವಾಡವಿಲ್ಲ. ಸಾವು ಗಡಿಯಾರವನ್ನು ನಿಲ್ಲಿಸಲಿಲ್ಲ, ಸಾವಿನ ಹೊತ್ತನ್ನು ನೋಡಿದ ಕೈ ನಿಲ್ಲಿಸಿತು.

ಈ ಚಿಕ್ಕ ವಿವರ ಗಮನಕ್ಕೆ ಬಾರದೇ ಹೋಗಿದ್ದರೆ ಘಟನೆಯನ್ನು ವಿವರಿಸುವುದು ತಮಗೂ ಕಷ್ಟವಾಗುತ್ತಿತ್ತು ಎಂಬ ಅರ್ಥದ ಮಾತನ್ನು ಫೈನ್‌ಮನ್ ಮುಂದೆ ಹೇಳಿದ್ದಾರೆ. ಇದು ನೆನಪಿಡಬೇಕಾದ ಮಾತು. ನಮಗೆ ಕಾರಣ ಗೊತ್ತಾಗಲಿಲ್ಲ ಎಂದ ಮಾತ್ರಕ್ಕೆ ಕಾರಣವೇ ಇರಲಿಲ್ಲ ಎಂದಾಗುವುದಿಲ್ಲ.

ನಮ್ಮ ಮನೆಗಳ ಕೀ ಕೊಡುವ ಹಳೆಯ ಕೈಗಡಿಯಾರಗಳ ಕತೆಯೂ ಇಷ್ಟೇ. ಒಳಗಿನ ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಹೋದ ಹಾಗೆ ಗಡಿಯಾರ ಓಡುತ್ತದೆ. ಕೀ ಕೊಡದಿದ್ದರೆ ಸಾಮಾನ್ಯವಾಗಿ ಒಂದೂವರೆ ದಿನದ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಷ್ಟು ವರ್ಷ ಪ್ರತಿದಿನ ಬೆಳಿಗ್ಗೆ ಕೀ ಕೊಡುತ್ತಿದ್ದವರು ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಗಡಿಯಾರ ನಿಲ್ಲದೆ ಇನ್ನೇನಾದೀತು?

ಉಳಿದ ಸಲ ನಿಂತದ್ದನ್ನು ಎಣಿಸಿದವರು ಯಾರು?

ಆ ಗಡಿಯಾರ ಹಿಂದೆಯೂ ಎಷ್ಟೋ ಸಲ ನಿಂತಿರುತ್ತದೆ. ಊರಿಗೆ ಹೋಗುವಾಗ ಮರೆತು ಬಿಟ್ಟಾಗ, ನೀರು ಹೊಕ್ಕಾಗ, ಕೈಜಾರಿ ಬಿದ್ದಾಗ. ಆಗೆಲ್ಲ ಏನೂ ಆಗಲಿಲ್ಲ, ಆದ್ದರಿಂದ ಯಾರಿಗೂ ನೆನಪಿಲ್ಲ. ಕಾಯಿಲೆಯ ದಿನ ನಿಂತದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ ಮತ್ತು ಬಾಯಿಂದ ಬಾಯಿಗೆ ಹೋಗುತ್ತದೆ. ನಂಬಿಕೆಗೆ ಹೊಂದುವ ಘಟನೆಯನ್ನು ಹಿಡಿದಿಟ್ಟುಕೊಂಡು, ಹೊಂದದ್ದನ್ನು ಬಿಟ್ಟುಬಿಡುವ ಈ ಸ್ವಭಾವಕ್ಕೆ ಮನಶ್ಶಾಸ್ತ್ರಜ್ಞರು ದೃಢೀಕರಣ ಪಕ್ಷಪಾತ ಎನ್ನುತ್ತಾರೆ. ಇದು ದಡ್ಡರಿಗೆ ಮಾತ್ರ ಇರುವ ದೋಷವಲ್ಲ. ಎಲ್ಲರ ಮನಸ್ಸೂ ಹೀಗೆಯೇ ಕೆಲಸ ಮಾಡುತ್ತದೆ, ಭಯದಲ್ಲಿದ್ದಾಗ ಇನ್ನೂ ಹೆಚ್ಚು.

ಹಾಗಾದರೆ ನೆಮ್ಮದಿಯೂ ಭ್ರಮೆಯೇ?

ಅಲ್ಲ. ಶಕುನಕ್ಕೆ ಆಧಾರವಿಲ್ಲ, ಆದರೆ ನೆಮ್ಮದಿಗೆ ಇದೆ.

2006ರಲ್ಲಿ ಜೇಮ್ಸ್ ಕೋನ್ ಮತ್ತು ಸಹೋದ್ಯೋಗಿಗಳು 16 ವಿವಾಹಿತ ಮಹಿಳೆಯರ ಮಿದುಳನ್ನು ಸ್ಕ್ಯಾನ್ ಮಾಡಿದರು. ಸಣ್ಣ ವಿದ್ಯುತ್ ಶಾಕ್ ತಗುಲಬಹುದು ಎಂದು ಅವರಿಗೆ ಮುಂಚೆಯೇ ಸೂಚನೆ ಕೊಡಲಾಗುತ್ತಿತ್ತು. ಗಂಡನ ಕೈ ಹಿಡಿದಿದ್ದಾಗ ಅಪಾಯಕ್ಕೆ ಮಿದುಳು ತೋರುವ ಪ್ರತಿಕ್ರಿಯೆ ತಗ್ಗಿತು. ಅಪರಿಚಿತರ ಕೈ ಹಿಡಿದಾಗಲೂ ಸ್ವಲ್ಪ ತಗ್ಗಿತು, ಆದರೆ ಅಷ್ಟಲ್ಲ.

ಕೈಯೇ ಸಿಗದಿದ್ದಾಗ? 2009ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 25 ಮಹಿಳೆಯರ ಮುಂಗೈಗೆ ಬಿಸಿ ತಾಗಿಸಿ ನೋವನ್ನು ಅಳೆದರು. ಸಂಗಾತಿಯ ಫೋಟೋ ನೋಡುತ್ತಿದ್ದಾಗ ಅವರು ಹೇಳಿದ ನೋವು, ಅಪರಿಚಿತರ ಅಥವಾ ಯಾವುದೋ ವಸ್ತುವಿನ ಫೋಟೋ ನೋಡುವಾಗಿನ ನೋವಿಗಿಂತ ಕಡಿಮೆ ಇತ್ತು. 2018ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 96 ಮಹಿಳೆಯರಿಗೆ ತೊಟ್ಟುಬಿಟ್ಟ ಟೀ ಶರ್ಟ್ ಮೂಸಲು ಕೊಟ್ಟು, ಆಮೇಲೆ ಒತ್ತಡದ ಪರೀಕ್ಷೆಗೆ ಕೂರಿಸಿದರು. ಸಂಗಾತಿಯ ಅಂಗಿ ಮೂಸಿದವರಿಗೆ ಒತ್ತಡ ಕಡಿಮೆ ಅನ್ನಿಸಿತು. ಅಪರಿಚಿತ ಗಂಡಸಿನ ಅಂಗಿ ಮೂಸಿದವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರಿತ್ತು.

ಆಸ್ಪತ್ರೆಗೆ ಸೇರಿಸಿದ ಮೇಲೆ ಗಂಡನ ಅಂಗಿಯನ್ನು ಒಗೆಯಲು ಹಾಕದೆ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುವ ಹೆಂಡತಿಗೆ ಹುಚ್ಚು ಹಿಡಿದಿಲ್ಲ. ಜೊತೆಗೆ ಒಬ್ಬರಿದ್ದಾರೆ ಎಂಬ ಸೂಚನೆ ಕಣ್ಣಿನಿಂದ, ಮೂಗಿನಿಂದ, ಸ್ಪರ್ಶದಿಂದ ಸಿಕ್ಕರೂ ದೇಹ ಅದಕ್ಕೆ ಸ್ಪಂದಿಸುತ್ತದೆ.

ಅದೇ ಥರದ ಹೊಸದೊಂದು ತಂದುಕೊಟ್ಟರೆ ಸಾಲದೇ? ಸಾಲದು. 2008ರಲ್ಲಿ ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನಶ್ಶಾಸ್ತ್ರಜ್ಞರು ಚಿಕ್ಕ ಮಕ್ಕಳಿಗೆ, ವಸ್ತುಗಳ ಪಡಿಯಚ್ಚು ತೆಗೆಯುವ ಯಂತ್ರ ಎಂದು ಹೇಳಿ ಒಂದು ಪೆಟ್ಟಿಗೆ ತೋರಿಸಿದರು. ನಿತ್ಯ ತಬ್ಬಿಕೊಂಡು ಮಲಗುವ ಗೊಂಬೆ ಅಥವಾ ಹೊದಿಕೆ ಇದ್ದ ಮಕ್ಕಳಲ್ಲಿ ಹೆಚ್ಚಿನವರು ನಕಲು ಬೇಡ, ತಮ್ಮದೇ ಬೇಕು ಎಂದರು. ಕೆಲವರು ಅದನ್ನು ಯಂತ್ರದೊಳಗೆ ಇಡಲೂ ಒಪ್ಪಲಿಲ್ಲ. ದೊಡ್ಡವರಾದ ಮೇಲೂ ನಾವು ಬೆಲೆ ಕಟ್ಟುವುದು ವಸ್ತುವಿನ ರೂಪಕ್ಕಲ್ಲ, ಅದು ಯಾರ ಕೈಯಿಂದ ಬಂತು ಎಂಬುದಕ್ಕೆ.

ಗೆರೆ ಎಲ್ಲಿ ಎಳೆಯಬೇಕು?

ಈ ಪ್ರಯೋಗಗಳು ಚಿಕ್ಕವು, ಆರೋಗ್ಯವಂತರ ಮೇಲೆ ನಡೆದವು. ಅವು ಹೇಳುವುದು ಹಿಡಿದುಕೊಂಡವರ ಭಯ, ನೋವು, ಒತ್ತಡದ ಬಗ್ಗೆ. ವಸ್ತುವಿನಿಂದ ರೋಗ ವಾಸಿಯಾಗುತ್ತದೆ ಎಂದು ಅವು ಹೇಳುವುದಿಲ್ಲ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೋಮೈಸಿನ್ ಪತ್ತೆಯಾದದ್ದು 1943ರಲ್ಲಿ. ಅದು ಸಾಮಾನ್ಯ ರೋಗಿಗಳ ಕೈಗೆಟುಕುವ ಹೊತ್ತಿಗೆ ಆರ್ಲೀನ್ ಇರಲಿಲ್ಲ. ಆಕೆಗೆ ಬೇಕಿದ್ದದ್ದು ಆ ಔಷಧಿ. ಗಡಿಯಾರ ಕೊಡಬಹುದಾಗಿದ್ದದ್ದು ಗಂಡ ದೂರವಿದ್ದ ದಿನಗಳಲ್ಲಿ ಒಂದಿಷ್ಟು ಜೊತೆ ಮಾತ್ರ. ಫೈನ್‌ಮನ್ ಆಗ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬ್ ಯೋಜನೆಯಲ್ಲಿದ್ದರು, ಆಸ್ಪತ್ರೆಗೆ ಬರುತ್ತಿದ್ದದ್ದು ವಾರಾಂತ್ಯಗಳಲ್ಲಿ.

ಆದ್ದರಿಂದ ಗಡಿಯಾರ ನಿಂತಿತೆಂದು ಆಪರೇಷನ್ ಮುಂದೂಡಬೇಡಿ. ಗಡಿಯಾರ ಓಡುತ್ತಿದೆಯೆಂದು ಮಾತ್ರೆ ನಿಲ್ಲಿಸಲೂ ಬೇಡಿ.

ಆಸ್ಪತ್ರೆಯಲ್ಲಿ ಇವು ನೆನಪಿರಲಿ

ತಾಳಿ, ಬಳೆ, ಉಂಗುರ, ಕಾಲುಂಗುರ ತೆಗೆಯಲು ಹೇಳಿದರೆ ಗಾಬರಿಯಾಗಬೇಡಿ. ಆಪರೇಷನ್‌ನಲ್ಲಿ ವಿದ್ಯುತ್ ಉಪಕರಣ ಬಳಸುವಾಗ ಮೈಮೇಲಿನ ಲೋಹದಿಂದ ಸುಟ್ಟಗಾಯ ಆಗುವ ಅಪಾಯವಿದೆ. ಬೆರಳು ಊದಿಕೊಂಡರೆ ಉಂಗುರ ರಕ್ತದ ಓಟವನ್ನೇ ತಡೆಯಬಹುದು. ಎಂಆರ್‌ಐ ಯಂತ್ರದ ಅಯಸ್ಕಾಂತ ಕಬ್ಬಿಣದ ವಸ್ತುಗಳನ್ನು ಸೆಳೆಯುತ್ತದೆ, ಆದ್ದರಿಂದ ಗಡಿಯಾರ ಹೊರಗೇ ಇರಬೇಕು. ತಾಳಿ ತೆಗೆದಾಗ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುವ ರೂಢಿ ಹಲವು ಮನೆಗಳಲ್ಲಿದೆ. ಅದಕ್ಕೂ ಮೊದಲೇ ನರ್ಸ್‌ ಅವರನ್ನು ಕೇಳಿ.

ಐಸಿಯು ಒಳಗೆ ವಸ್ತು ಒಯ್ಯುವ ಮುಂಚೆ ಅನುಮತಿ ಪಡೆಯಿರಿ. ಬಟ್ಟೆ, ಚರ್ಮದ ಪಟ್ಟಿಗಳಲ್ಲಿ ರೋಗಾಣು ಉಳಿಯಬಹುದು. ಒರೆಸಿ ಶುಚಿ ಮಾಡಬಹುದಾದ, ಪ್ಲಾಸ್ಟಿಕ್ ಹೊದಿಕೆಯ ಫೋಟೋ ಒಳ್ಳೆಯದು. ಬೆಲೆಬಾಳುವ ವಸ್ತು ಮನೆಯವರ ಹತ್ತಿರ ಇರಲಿ. ವಸ್ತುವೇನಾದರೂ ಕಳೆದುಹೋದರೆ, ಒಡೆದರೆ, ರೋಗಿಯ ಹಣೆಬರಹಕ್ಕೆ ಅದನ್ನು ಗಂಟು ಹಾಕಬೇಡಿ. ಹೊರಗೆ ಕುಳಿತವರ ಎದುರು ಅಪಶಕುನದ ಮಾತನ್ನೂ ಆಡಬೇಡಿ. ಅವರಿಗೆ ಇರುವ ಭಯವೇ ಸಾಕಷ್ಟಿದೆ.

ಇನ್ನು ಫೈನ್‌ಮನ್. ಗಡಿಯಾರದ ರಹಸ್ಯವನ್ನು ತಣ್ಣಗೆ ಬಿಡಿಸಿದ ಅವರು ಅಂದು ಅಳಲಿಲ್ಲ. ತಿಂಗಳುಗಳ ಮೇಲೆ ಅಂಗಡಿಯೊಂದರ ಗಾಜಿನ ಹಿಂದೆ ಒಂದು ಚೆಂದದ ಉಡುಪು ಕಂಡಿತು. ಇದು ಆರ್ಲೀನ್‌ಗೆ ಇಷ್ಟವಾಗುತ್ತಿತ್ತು ಎಂದುಕೊಂಡದ್ದೇ ತಡ, ಅಳು ಬಂತು. 1946ರಲ್ಲಿ ಅವರು ತೀರಿಹೋದ ಹೆಂಡತಿಗೆ ಒಂದು ಕಾಗದ ಬರೆದು ಇಟ್ಟುಕೊಂಡರು. ಅದು ಬೆಳಕಿಗೆ ಬಂದದ್ದು 1988ರಲ್ಲಿ ಅವರೂ ತೀರಿಕೊಂಡ ಮೇಲೆ. ಶಕುನವನ್ನು ನಂಬದವರಿಗೂ ನೆನಪು ಬೇಕಾಗುತ್ತದೆ. ಎರಡನ್ನೂ ಬೇರೆಬೇರೆಯಾಗಿ ನೋಡುವುದಷ್ಟೇ ನಾವು ಕಲಿಯಬೇಕಾದ್ದು.