ಪುಟ್ಟ ರೈಲಿನ ಸಂಘದಲ್ಲಿ ನನ್ನ ತಮ್ಮ

ಹವ್ಯಾಸ ಅಂದಕೂಡಲೆ ನಮಗೆಲ್ಲ ನೆನಪಾಗುವುದು ಕಸೂತಿ, ಕೈತೋಟ, ಹೆಚ್ಚೆಂದರೆ ಮಕ್ಕಳ ಸ್ಟಾಂಪ್ ಸಂಗ್ರಹ. ತಲೆ ನರೆತ ಗಂಡಸರು ವಾರಕ್ಕೊಮ್ಮೆ ಒಂದು ಕಡೆ ಸೇರಿ, ಅಂಗೈಯಲ್ಲಿ ಹಿಡಿಸುವಂಥ ರೈಲು ಓಡಿಸುತ್ತಾರೆ ಅಂದರೆ ನೀವು ನಗಬಹುದು. ಆದರೆ ಇಂಗ್ಲೆಂಡಿನಲ್ಲಿ ಇದು ನೂರು ವರ್ಷ ದಾಟಿದ ಹವ್ಯಾಸ. ಲಂಡನ್ನಿನ ‘ದಿ ಮಾಡೆಲ್ ರೈಲ್ವೆ ಕ್ಲಬ್’ ಆರಂಭವಾದದ್ದು 1910ರಲ್ಲಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನು ಅಂಗಡಿಗೆ ತಂದ ಮೇಲಂತೂ ಅಲ್ಲಿ ಇದು ಮನೆಮಾತಾಯಿತು. ಈಗಲೂ ಸಣ್ಣಪುಟ್ಟ ಊರುಗಳಲ್ಲಿ ಕೂಡ ಇಂಥ ಸಂಘಗಳಿವೆ.

ಅಡುಗೆ, ಮಕ್ಕಳು ಅಂತ ಓದುವ ಪುಟದಲ್ಲಿ ಈ ರೈಲಿನ ಮಾತೇಕೆ ಎನ್ನುವಿರಾ? ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕಾಲು ಸ್ವಾಧೀನವಿಲ್ಲದವರು, ಕೈ ನಡುಗುವವರು, ಗಾಲಿಕುರ್ಚಿಯಲ್ಲಿ ಕೂತವರು ಒಬ್ಬರಾದರೂ ಇರಬಹುದು. ಅವರಿಗೆ ಊಟ, ಔಷಧಿ ಎಲ್ಲ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಸಿಗದಿರುವುದು ಸಂಗ. ಆ ಸಂಗ ನನ್ನ ತಮ್ಮನಿಗೆ ಹೇಗೆ ಸಿಕ್ಕಿತು ಅಂತ ಹೇಳುತ್ತೇನೆ, ಕೇಳಿ.

ಮರಳಿ ಬಂದ ದಣಿವು

ನಮ್ಮ ತವರು ಸಾಗರ. ತಮ್ಮನಿಗೆ ಎರಡು ವರ್ಷವಾಗಿದ್ದಾಗ ಪೋಲಿಯೋ ಬಡಿದು ಬಲಗಾಲು ಪೂರ್ತಿ, ಎಡಗಾಲು ಅರ್ಧ ಸೋತುಹೋಯಿತು. ಆ ಕಾಲದಲ್ಲಿ ಪೋಲಿಯೋ ಕಾಣದ ಬೀದಿಯೇ ಇರಲಿಲ್ಲ ಅನ್ನಿ. ನಮ್ಮ ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರಲ್ಲಿ. 2014ರಲ್ಲಿ ದೇಶ ಪೋಲಿಯೋ ಮುಕ್ತ ಅಂತ ಘೋಷಣೆಯಾಯಿತು. ಓಡಿಯಾಡುವ ಹುಡುಗರ ಜೊತೆ ಆಡಲಾಗದ ಅವನನ್ನು ಅಪ್ಪ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೆ ಕರೆದೊಯ್ಯುತ್ತಿದ್ದರು. ಶಿವಮೊಗ್ಗ–ತಾಳಗುಪ್ಪ ಹಳಿ ಆಗ ಮೀಟರ್ ಗೇಜ್. ರೈಲು ಬರುವುದು, ನಿಲ್ಲುವುದು, ಹೋಗುವುದು – ಅದೇ ಅವನ ಆಟ.

ಕ್ಯಾಲಿಪರ್ ಹಾಕಿಕೊಂಡೇ ಇಂಜಿನಿಯರಿಂಗ್ ಓದಿದ. ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದ. ಮದುವೆಯೂ ಆಯಿತು. ಎಲ್ಲ ಸರಿಹೋಯಿತು ಎನ್ನುವಾಗ, ಮೂವತ್ತೈದು ದಾಟಿದ ಮೇಲೆ, ಒಳ್ಳೆಯ ಕಾಲಿನಲ್ಲೂ ಬಲ ಕುಗ್ಗತೊಡಗಿತು. ನಾಲ್ಕು ಹೆಜ್ಜೆಗೆ ಸುಸ್ತು. ಪೋಲಿಯೋ ಬಂದು ಹೋದ ಎಷ್ಟೋ ವರ್ಷಗಳ ನಂತರ ಹೀಗೆ ಹೊಸದಾಗಿ ನಿಶ್ಶಕ್ತಿ ಬರುವುದುಂಟು. ಅದಕ್ಕೆ ‘ಪೋಸ್ಟ್ ಪೋಲಿಯೋ’ ಎನ್ನುತ್ತಾರೆ. ಹಟ ಹಿಡಿದು ಮೈ ದಣಿಸಿದರೆ ಹೆಚ್ಚಾಗುತ್ತದಂತೆ. ಸ್ವಲ್ಪ ಕೆಲಸ, ಸ್ವಲ್ಪ ವಿಶ್ರಾಂತಿ ಅಂತ ಅಳೆದು ಸುರಿದು ಬದುಕಬೇಕು. ಊರುಗೋಲಿನ ಜಾಗಕ್ಕೆ ಗಾಲಿಕುರ್ಚಿ ಬಂತು. ಆಫೀಸಿನ ಕೆಲಸವೂ ಮನೆಯಿಂದಲೇ. ಬಾಗಿಲು ದಾಟಿ ಹೊರಗೆ ಹೋಗುವುದನ್ನೇ ಬಿಟ್ಟ.

2023ರಲ್ಲಿ ಅವನ ಹೆಂಡತಿಯ ಎರಡನೆಯ ಬಾಣಂತನಕ್ಕೆಂದು ನಾನು ಮೂರು ತಿಂಗಳು ಅಲ್ಲಿದ್ದೆ. ಅಷ್ಟರಲ್ಲಾಗಲೇ ಅವನು ರೈಲಿನ ಸಂಘ ಸೇರಿ ಎರಡು ವರ್ಷವಾಗಿತ್ತು. “ಅಕ್ಕಾ, ಇವರು ಗುರುವಾರ ಸಂಜೆ ಶರ್ಟ್ ಇಸ್ತ್ರಿ ಮಾಡ್ಕೊಂಡು ಹೊರಡ್ತಾರಲ್ಲ, ಅದನ್ನ ನೋಡೋದೇ ನಂಗೆ ಹಬ್ಬ” ಅಂದಳು ಅವನ ಹೆಂಡತಿ. ಕೂಸಿಗೆ ಎಣ್ಣೆ ಹಚ್ಚುತ್ತಾ ಅವಳು ಹೇಳಿದ ಕಥೆಯೇ ಇದು.

ಅತಿಥಿಯೋ, ಸದಸ್ಯನೋ?

ಅವನು ಮೊದಲು ವಿಚಾರಿಸಿದ ಸಂಘ ಇದ್ದದ್ದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ. ಲಿಫ್ಟ್ ಇಲ್ಲ. ಅಲ್ಲಿಯವರು ಕೆಟ್ಟವರೇನಲ್ಲ, “ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತೇವೆ” ಅಂದರಂತೆ. ತಮ್ಮ ಬೇಡವೆಂದ. “ವಾರ ವಾರ ಎತ್ತಿಸ್ಕೊಂಡು ಹೋಗೋನು ಅತಿಥಿ ಆಗ್ತಾನೆ, ಸದಸ್ಯ ಆಗಲ್ಲ ಅಕ್ಕಾ” ಅಂತ ನನಗೂ ಹೇಳಿದ. ಈ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ನಾವು ಪ್ರೀತಿಯಿಂದಲೇ ಮಾಡುವ ಎಷ್ಟೋ ಉಪಚಾರ ಎದುರಿನವರನ್ನು ಅತಿಥಿ ಮಾಡಿ ದೂರ ಕೂರಿಸುತ್ತದೆ, ಅಲ್ಲವೇ?

ಎರಡನೆಯ ಸಂಘ ನೆಲಮಟ್ಟದ ಸಭಾಭವನದಲ್ಲಿ. ಬಾಗಿಲು ಅಗಲ, ಕುರ್ಚಿ ಹೋಗುವ ಶೌಚಾಲಯವೂ ಇತ್ತು. ಆದರೆ ರೈಲಿನ ಲೇಔಟ್ – ನಮ್ಮ ಸೈಟಿನ ಲೇಔಟ್ ಅಲ್ಲ, ಹಲಗೆಯ ಮೇಲೆ ಹಳಿ, ಸ್ಟೇಷನ್, ಗುಡ್ಡ, ಮನೆ ಎಲ್ಲ ಕೂರಿಸಿದ ಮಾದರಿ – ನಾಲ್ಕಡಿ ಎತ್ತರದಲ್ಲಿತ್ತು. ನಿಂತವರಿಗೆ ಅದೇ ಅನುಕೂಲ. ಕುರ್ಚಿಯಲ್ಲಿ ಕೂತವನಿಗೆ ಸರಿಯಾಗಿ ಕಣ್ಣಿನ ಮಟ್ಟ; ನೋಡಲು ಬಹಳ ಚೆಂದ, ಕೈ ಮಾತ್ರ ಎಟಕದು. ಜೊತೆಗೆ ರೈಲು ನಡೆಸುವವರು ಹಲಗೆಯ ಕೆಳಗೆ ಬಗ್ಗಿ ನುಸುಳಿ ನಡುವೆ ಹೋಗಿ ನಿಲ್ಲಬೇಕು.

“ನೀವು ಆರಾಮವಾಗಿ ಕೂತು ನೋಡಿ” ಅಂದರು ಹಿರಿಯರೊಬ್ಬರು. ತಮ್ಮ ನಗುತ್ತಲೇ ಕೇಳಿದ, “ನನಗೆ ಏನು ಕೆಲಸ ಕೊಡ್ತೀರಿ?”

ಆ ಒಂದು ಪ್ರಶ್ನೆಯಿಂದ ಬಾಗಿಲು ತೆರೆಯಿತು ನೋಡಿ. ಮೇಜಿನ ಮೇಲೆ ಮಾಡಬಹುದಾದ ವೈರಿಂಗ್ ಕೆಲಸ ಬೇಕಾದಷ್ಟಿತ್ತು, ಮಾಡುವವರಿರಲಿಲ್ಲ. ಎರಡು ತಿಂಗಳಲ್ಲಿ ‘ವೈರಿಂಗಿಗೆ ಅವನನ್ನೇ ಕೇಳಿ’ ಎನ್ನುವಂತಾಯಿತು. ಬೇಕಾದವನಾದ ಮೇಲೆ ಅನುಕೂಲಗಳು ತಾವಾಗಿಯೇ ಬಂದವು.

ಏನೇನು ಬದಲಾಯಿತು?

ದೊಡ್ಡ ಖರ್ಚೇನೂ ಆಗಲಿಲ್ಲ. ನುಸುಳುವ ಜಾಗದಲ್ಲಿ ಕೀಲು ಹಾಕಿದ ಹಲಗೆ ಕೂರಿಸಿದರು. ಎತ್ತಿದರೆ ದಾರಿ, ಇಳಿಸಿದರೆ ಹಳಿ. ನಡುಬಗ್ಗದ ಹಿರಿಯ ಸದಸ್ಯರಿಗೂ ಇದರಿಂದ ಉಪಕಾರವೇ ಆಯಿತು. ಓಡಾಡುವ ಸಂದಿಯನ್ನು ಮೂರಡಿ ಅಗಲ ಮಾಡಿದರು. ಹೊಸದಾಗಿ ಕಟ್ಟಿದ ಲೇಔಟಿಗೆ ಎತ್ತರ ಏರಿಸಿ ಇಳಿಸುವ ಕಾಲು ಹಾಕಿದರು. ಮೊಣಕಾಲು ಕೆಳಗೆ ತೂರಬೇಕಾದರೆ ಹಲಗೆಯ ಅಡಿಯಲ್ಲಿ 27 ಅಂಗುಲವಾದರೂ ತೆರವಿರಬೇಕು. ಕೂತವನ ಕೈ ಎಟಕುವಂತೆ ಹಲಗೆಯ ಅಗಲ ಎರಡಡಿಗೆ ನಿಲ್ಲಿಸಿದರು.

ರೈಲು ಓಡಿಸುವುದಕ್ಕೆ ಈಗ ಕೈಯಲ್ಲಿ ಹಿಡಿಯುವ ರಿಮೋಟಿನಂಥ ಸಾಧನವಿದೆ. ಹಳಿಯಲ್ಲೇ ಸಂದೇಶ ಕಳಿಸಿ ಒಂದೊಂದು ಇಂಜಿನನ್ನೂ ಬೇರೆ ಬೇರೆ ನಡೆಸಬಹುದು, ಎದ್ದು ಹೋಗಬೇಕಾಗಿಲ್ಲ. ಡಬ್ಬಿ ಬಿಡಿಸಲು ಹಳಿಯ ನಡುವೆ ಅಯಸ್ಕಾಂತ ಇಡುತ್ತಾರೆ. ಬೆರಳು ನಡುಗುವವರಿಗೆ ಇದು ವರ. ವೈರುಗಳಿಗೆ ಬಣ್ಣದ ಜೊತೆ ಅಂಕಿಯ ಚೀಟಿಯನ್ನೂ ಕಟ್ಟಿದರೆ ಬಣ್ಣ ಗುರುತಿಸಲಾಗದವರಿಗೂ ಕೆಲಸ ಸುಲಭ. ಸಾಮಾನ್ಯ ಮಾದರಿ ರೈಲು ಓಡುವುದು 12 ವೋಲ್ಟ್‌ನಲ್ಲಿ, ಹಳಿ ಮುಟ್ಟಿದರೆ ಶಾಕ್ ಹೊಡೆಯುವ ಭಯವಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ಎಂದೂ ತೊಡೆಯ ಮೇಲೆ ಹಿಡಿದು ಕೆಲಸ ಮಾಡಬಾರದು. ಪೋಲಿಯೋದಲ್ಲಿ ಸ್ಪರ್ಶ ಉಳಿದಿರುತ್ತದೆ. ಆದರೆ ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲು ಸುಟ್ಟರೂ ತಿಳಿಯುವುದಿಲ್ಲ. ಮೇಜು, ಸ್ಟ್ಯಾಂಡು ಇರಲೇಬೇಕು.

ಕಾನೂನೂ ಅಲ್ಲಿ ಬೆನ್ನಿಗಿದೆ. 2010ರ ಸಮಾನತಾ ಕಾಯಿದೆಯ ಪ್ರಕಾರ 25 ಅಥವಾ ಹೆಚ್ಚು ಸದಸ್ಯರಿರುವ ಸಂಘಗಳು ಅಂಗವಿಕಲರೆಂಬ ಕಾರಣಕ್ಕೆ ಯಾರನ್ನೂ ದೂರ ಇಡುವಂತಿಲ್ಲ. ಕೈಲಾದ ಅನುಕೂಲವನ್ನೂ ಮಾಡಿಕೊಡಬೇಕು. ನಮ್ಮಲ್ಲೂ 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಆದರೆ ಕಾಯಿದೆ ಬಾಗಿಲು ತೆರೆಸೀತು, ಪಕ್ಕದಲ್ಲಿ ಕೂತು ಚಹಾ ಕುಡಿಯುವ ಸ್ನೇಹಿತನನ್ನು ತಂದುಕೊಡಲಾರದು. ಅದು ಕೆಲಸ ಹಂಚಿಕೊಂಡಾಗ ಸಿಗುವಂಥದ್ದು.

ನಮ್ಮ ಕೈಗೂ ಕೆಲಸ

ತಮ್ಮ ಈಗ ಮನೆಯಲ್ಲಿ ನಮ್ಮ ಕಡೆಯ ಒಂದು ಹಳೆಯ ಸ್ಟೇಷನ್ ಕಟ್ಟುತ್ತಿದ್ದಾನೆ, 87ಕ್ಕೆ 1ರ ಅಳತೆಯಲ್ಲಿ. ಒಂದು ಮೀಟರ್ ಅಗಲದ ಹಳಿ ಅದರಲ್ಲಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಸಿಗುವ 12 ಮಿಲಿಮೀಟರ್ ಹಳಿ ಹೊಂದಿಕೊಳ್ಳುತ್ತದೆ. ಐವತ್ತಡಿಯ ಅಡಿಕೆ ಮರ ಏಳಂಗುಲಕ್ಕೆ ಇಳಿಯುತ್ತದೆ! ಆ ಮರಗಳನ್ನು ಮಾಡಿದವಳು ನಾನು ಅಂತ ಹೇಳಿಕೊಳ್ಳಲು ಹೆಮ್ಮೆ. ತಂತಿಗೆ ಕಾಗದ ಸುತ್ತಿ ಕಾಂಡ, ಹಸಿರು ಕಾಗದ ಸಣ್ಣಗೆ ಕತ್ತರಿಸಿ ಸೋಗೆ. ಸೋಸಿದ ಚಹಾಪುಡಿಯನ್ನು ಚೆನ್ನಾಗಿ ಒಣಗಿಸಿ ಜರಡಿ ಹಿಡಿದು ಅಂಟಿನ ಮೇಲೆ ಉದುರಿಸಿದರೆ ಮಲೆನಾಡಿನ ಮಣ್ಣೇ. ತೆಂಗಿನ ನಾರನ್ನು ಬಿಡಿಸಿ ಕತ್ತರಿಸಿದರೆ ಒಣಹುಲ್ಲು. ಸಂಘದವರು ನೋಡಿ ನನ್ನನ್ನೂ ಒಂದು ಗುರುವಾರ ಕರೆಸಿ ಪಾಠ ಹೇಳಿಸಿಕೊಂಡರು. ಹರಕು ಮುರುಕು ಇಂಗ್ಲಿಷಿನಲ್ಲೇ ಹೇಳಿಕೊಟ್ಟೆ.

ದುಬಾರಿ ಹವ್ಯಾಸ ಎನ್ನುವುದು ನಿಜ. ಹೊಸ ಇಂಜಿನ್ ಒಂದಕ್ಕೇ ನೂರು ಪೌಂಡ್ ದಾಟುವುದು ಸಾಮಾನ್ಯ. ಸಂಘವಾದರೆ ಲೇಔಟ್, ಹತಾರ ಎಲ್ಲ ಸಾಮೂಹಿಕ, ಚಂದಾ ಕೊಟ್ಟರಾಯಿತು. ನಮ್ಮ ಕಡೆ ಇಂಥ ಸಂಘಗಳು ಅಪರೂಪ. ಆದರೂ ಪುಟ್ಟ ರೈಲು ನೋಡುವ ಆಸೆಯಿದ್ದವರು ಪುಣೆಗೆ ಹೋದಾಗ ಕೋಥರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಕಿರುರೈಲು ವಸ್ತುಸಂಗ್ರಹಾಲಯ ನೋಡಬಹುದು. ನಿಜವಾದ ಹಳೆಯ ಇಂಜಿನ್ ನೋಡಲು 1979ರಿಂದಲೂ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ. ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ಸ್ಟೇಷನ್ ಕೂಡ 2020ರಿಂದ ಮಾಲ್ಗುಡಿ ಮ್ಯೂಸಿಯಂ ಆಗಿದೆ.

ನಿಮ್ಮ ಮನೆಯವರಿಗಾಗಿ

ರೈಲೇ ಆಗಬೇಕೆಂದಿಲ್ಲ ಸೋದರಿಯರೇ. ಭಜನಾ ಮಂಡಳಿ, ಚೆಸ್, ಗ್ರಂಥಾಲಯದ ಓದುಗರ ಬಳಗ, ಯಾವುದಾದರೂ ಆದೀತು. ಕಳಿಸುವ ಮುಂಚೆ ಕೆಲವು ಸಂಗತಿ ವಿಚಾರಿಸಿಕೊಳ್ಳಿ: ಮೆಟ್ಟಿಲು ಎಷ್ಟು? ಶೌಚಾಲಯಕ್ಕೆ ಕುರ್ಚಿ ಹೋಗುತ್ತದೆಯೇ? ಮರಳಿ ಬರಲು ವಾಹನವುಂಟೇ? ಮೊದಲ ಎರಡು ಮೂರು ಸಲ ಸುಮ್ಮನೆ ಹೋಗಿ ನೋಡಿ ಬರಲಿ, ಆಮೇಲೆ ಹೆಸರು ಬರೆಸಲಿ. ದಣಿವಾದರೆ ಅರ್ಧಕ್ಕೇ ಎದ್ದು ಬರುತ್ತೇನೆಂದು ಮೊದಲೇ ಹೇಳಿಡಲಿ, ಅದರಲ್ಲಿ ಸಂಕೋಚ ಬೇಡ. ಬಾಗಿಲವರೆಗೆ ನೀವು ಜೊತೆಗೆ ಹೋಗಿ, ಒಳಗೆ ಅವರೊಬ್ಬರೇ ಹೋಗಲಿ. ಅವರ ಪರವಾಗಿ ನೀವು ಮಾತಾಡಬೇಡಿ.

ಹಾಗೇ ನಿಮ್ಮ ಮಹಿಳಾ ಸಮಾಜಕ್ಕೆ ಊರುಗೋಲು ಹಿಡಿದ ಒಬ್ಬಾಕೆ ಬಂದರೆ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿ ಸುಮ್ಮನಾಗದಿರಿ. ಲೆಕ್ಕದ ಪುಸ್ತಕವನ್ನೋ ಹೂ ಕಟ್ಟುವ ಬುಟ್ಟಿಯನ್ನೋ ಅವರ ಕೈಗೆ ಕೊಡಿ. ಮುಂದಿನ ವಾರ ಅವರು ಬಾರದಿದ್ದರೆ ನಿಮ್ಮ ಕೆಲಸ ನಿಲ್ಲುವಂತಿರಲಿ.