ಪರದೆ ಮೊದಲು, ಮುಖ ಆಮೇಲೆ

ಫೋಟೊಕ್ಕೆ ನಿಂತವರಿಗೆ ಇದ್ದಕ್ಕಿದ್ದಂತೆ ಎರಡು ಕೈ ಹೆಚ್ಚಾಗಿಬಿಡುತ್ತವೆ. ಅಲ್ಲಿಯವರೆಗೆ ಹೇಗೋ ಇದ್ದ ಕೈಗಳು ಜೇಬಿಗೆ ನುಸುಳುತ್ತವೆ, ಎದೆಯ ಮೇಲೆ ಕಟ್ಟಿಕೊಳ್ಳುತ್ತವೆ, ಇಲ್ಲವೇ ಕವಾಯತಿಗೆ ನಿಂತ ಪೊಲೀಸಪ್ಪನ ಕೈಗಳಂತೆ ತೊಡೆಗೆ ಅಂಟಿಕೊಳ್ಳುತ್ತವೆ. ‘ಆರಾಮಾಗಿ ನಿಲ್ಲಿ’ ಎಂದರೆ ಇನ್ನಷ್ಟು ಬಿಗಿ! ಕೈಗೊಂದು ಕೆಲಸ, ಬೆನ್ನಿಗೊಂದು ಆಸರೆ ಸಿಕ್ಕರೆ ಮುಖ ತಾನಾಗಿ ಸಡಿಲಗೊಳ್ಳುತ್ತದೆ. ಸ್ಟುಡಿಯೋ ನಡೆಸಿದವರಿಗೆಲ್ಲ ಗೊತ್ತಿರುವ ಈ ಗುಟ್ಟನ್ನು ಸೇಡು ಕೇಟಾನಷ್ಟು ಸೊಗಸಾಗಿ ಬಳಸಿಕೊಂಡವರು ಕಡಿಮೆ.

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಬಮಾಕೊ ನಗರದಲ್ಲಿ ಕೇಟಾ ಬಡಗಿ ಕೆಲಸ ಕಲಿಯುತ್ತಿದ್ದ ಹುಡುಗ. 1935ರಲ್ಲಿ ಮನೆಯ ಹಿರಿಯರೊಬ್ಬರು ಸೆನೆಗಲ್‌ನಿಂದ ಒಂದು ಕೊಡಕ್ ಬ್ರೌನಿ ಕ್ಯಾಮೆರಾ ತಂದುಕೊಟ್ಟರು. 1948ರ ಹೊತ್ತಿಗೆ ಊರಿನ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಅವನದೊಂದು ಸ್ಟುಡಿಯೋ. ಬಹುತೇಕ ಚಿತ್ರಗಳನ್ನು ತೆಗೆದದ್ದು ಅಂಗಳದ ಹಗಲು ಬೆಳಕಿನಲ್ಲಿ. ಹಿಂದೆ ಕಟ್ಟಲು ಪರದೆ ಬೇಕಲ್ಲ? ತನ್ನ ಹಾಸಿಗೆಯ ಮೇಲುಹೊದಿಕೆಯನ್ನೇ ಎಳೆದು ಕಟ್ಟಿದ.

ಗಿರಾಕಿ ಬಂದರೆ ಮೊದಲು ನೋಡುತ್ತಿದ್ದುದು ಗೋಡೆಯನ್ನು. ಅಲ್ಲಿ ಮಾದರಿ ಫೋಟೊಗಳು ತೂಗುತ್ತಿದ್ದವು. ‘ನನಗೆ ಇದರ ಹಾಗೆ ಬೇಕು’ ಎಂದು ಬೆರಳು ತೋರಿಸಿದರಾಯಿತು. ಕೋಟು, ಟೈ, ಹ್ಯಾಟು, ಕೈಗಡಿಯಾರ, ಪೆನ್ನು, ರೇಡಿಯೊ, ಕೊನೆಗೆ ಸ್ಕೂಟರ್ ಕೂಡ ಸ್ಟುಡಿಯೋದಲ್ಲೇ ಎರವಲು ಸಿಗುತ್ತಿತ್ತು. ಇವೆಲ್ಲ ಬರೀ ಶೋಕಿಯ ಸಾಮಾನಲ್ಲ. ರೇಡಿಯೊದ ಮೇಲೆ ಮೊಣಕೈ ಊರಿದವನ ಹೆಗಲು ತಾನಾಗಿ ಓರೆಯಾಗುತ್ತದೆ, ಸ್ಕೂಟರ್ ಹಿಡಿಕೆ ಹಿಡಿದವನಿಗೆ ಬೆರಳುಗಳ ಚಿಂತೆ ತಪ್ಪುತ್ತದೆ. ಉಳಿದ ತಿದ್ದುಪಡಿ ಕೇಟಾನದು: ಮೈಯನ್ನು ತುಸು ತಿರುಗಿಸುವುದು, ತಲೆಯನ್ನು ಸ್ವಲ್ಪ ಓರೆ ಮಾಡಿಸುವುದು, ಸೆರಗು ಸರಿಪಡಿಸುವುದು. ಫಿಲ್ಮು ದುಬಾರಿಯಾದ್ದರಿಂದ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಕ್ಲಿಕ್ಕು. ಒಂದು ಮುಗುಳ್ನಗೆಗೆ ಮೊಬೈಲಿನಲ್ಲಿ ನಲವತ್ತು ಸಲ ಒತ್ತುವ ನಮ್ಮ ಕಾಲಕ್ಕೆ ಇದು ಕಥೆಯಂತೆ ಕೇಳಬಹುದು.

ಹಿನ್ನೆಲೆ ಸಾದಾ ಇರಲಿ ಎಂಬುದು ಕಲಿಸುವವರೆಲ್ಲ ಹೇಳುವ ಮೊದಲ ಪಾಠ. ಕೇಟಾ ಅದನ್ನು ಸಲೀಸಾಗಿ ಮುರಿದ. ಹೂಬಳ್ಳಿಯ ಪರದೆ, ಅದರ ಮುಂದೆ ಚೌಕಳಿಯೋ ಚುಕ್ಕಿಯೋ ತುಂಬಿದ ದೊಗಲೆ ಉಡುಪಿನ ಹೆಂಗಸು. ಲೆಕ್ಕದ ಪ್ರಕಾರ ಎಲ್ಲವೂ ಕಲಸುಮೇಲೋಗರ ಆಗಬೇಕಿತ್ತು. ಕಪ್ಪುಬಿಳುಪಿನಲ್ಲಿ ಆದದ್ದೇ ಬೇರೆ: ಬಟ್ಟೆ ಪರದೆಯಲ್ಲಿ ಕರಗಿಹೋಗಿ, ಚಿತ್ತಾರವಿಲ್ಲದೆ ನುಣುಪಾಗಿ ಉಳಿದ ಎರಡೇ ಜಾಗಗಳಾದ ಮುಖ ಮತ್ತು ಕೈ ನೋಡುವವರ ಕಣ್ಣನ್ನು ಸೆಳೆದು ನಿಲ್ಲಿಸಿಕೊಂಡವು. ಹಿನ್ನೆಲೆ ಸಾದಾ ಇದೆಯೋ ಇಲ್ಲವೋ ಎನ್ನುವುದಕ್ಕಿಂತ, ಮುಖದೊಂದಿಗೆ ಅದು ಜಗಳಕ್ಕೆ ಬೀಳುತ್ತದೆಯೇ ಎಂದು ನೋಡುವುದು ಮುಖ್ಯ.

ಅದೇ 1948ರಲ್ಲಿ ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಇರ್ವಿಂಗ್ ಪೆನ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದ್ದ. ನಾಟಕದ ರಂಗಸಜ್ಜಿಕೆಯಂಥ ಎರಡು ಗೋಡೆಗಳನ್ನು ಒತ್ತರಿಸಿ ಇಕ್ಕಟ್ಟಾದ ಮೂಲೆ ಮಾಡಿ, ಹೆಸರಾಂತರನ್ನು ಅದರೊಳಗೆ ನಿಲ್ಲಿಸಿದ. ಬರಹಗಾರ ಟ್ರೂಮನ್ ಕಪೋಟೆ ದೊಡ್ಡ ಕೋಟಿನೊಳಗೆ ಮುದುಡಿ ಕುರ್ಚಿಯ ಮೇಲೆ ಮಂಡಿಯೂರಿದ. ಇಕ್ಕಟ್ಟಿನಲ್ಲಿ ಜನ ಕಸಿವಿಸಿಗೊಳ್ಳಬೇಕಿತ್ತು. ಅದು ಹಲವರಿಗೆ ನೆಮ್ಮದಿ ಕೊಟ್ಟಿತು, ಒರಗಲು ಗೋಡೆ ಸಿಕ್ಕಿತು ಎಂದು ಪೆನ್ ಆಮೇಲೆ ನೆನಪಿಸಿಕೊಂಡಿದ್ದಾನೆ. ಮೇಲುಹೊದಿಕೆಯಾಗಲಿ ಮೂಲೆಯಾಗಲಿ, ಇಬ್ಬರೂ ಮೊದಲು ಜಾಗ ಕಟ್ಟಿ ಆಮೇಲೆ ಮನುಷ್ಯನನ್ನು ಕರೆದರು.

ಮನೆಯಲ್ಲಿ ಮೊಬೈಲ್ ಹಿಡಿದವರಿಗೂ ಇದೇ ಕ್ರಮ ಒಗ್ಗುತ್ತದೆ. ಮೊದಲು ಖಾಲಿ ಜಾಗವನ್ನೇ ಪರದೆಯಲ್ಲಿ ನೋಡಬೇಕು. ವಿದ್ಯುತ್ ಕಂಬ ನೆತ್ತಿಯಿಂದ ಮೊಳೆಯುವಂತಿದೆಯೇ, ಕಿಟಕಿಯ ಬೆಳಕು ಕಿವಿಯ ಪಕ್ಕದಲ್ಲೇ ಉರಿಯುತ್ತಿದೆಯೇ? ಕೂರುವವರನ್ನು ಗೋಡೆಯಿಂದ ಐದಾರು ಅಡಿ ಮುಂದಕ್ಕೆ ಕರೆದರೆ ನೆರಳು ಗೋಡೆಗೆ ಅಂಟುವುದು ಕಡಿಮೆಯಾಗುತ್ತದೆ. ತೀರಾ ಹತ್ತಿರದಿಂದ ತೆಗೆದರೆ ಮೂಗು ದಪ್ಪಗೆ, ಕಿವಿ ಚಿಕ್ಕದಾಗಿ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಝೂಮ್ ಮಾಡುವುದೇ ವಾಸಿ. ನಿಂತವರು ಭಾರವನ್ನೆಲ್ಲ ಒಂದೇ ಕಾಲಿಗೆ ಬಿಟ್ಟರೆ ಸೊಂಟ, ಹೆಗಲು ಎರಡೂ ಮರದ ಕೊರಡಿನಂತೆ ಕಾಣುವುದು ತಪ್ಪುತ್ತದೆ. ಮಣಿಕಟ್ಟು, ಮಂಡಿಗಳ ಬಳಿ ಚೌಕಟ್ಟು ಕತ್ತರಿಸದಿರಲಿ, ಅಂಗವೇ ತುಂಡಾದಂತೆ ಕಾಣುತ್ತದೆ. ಇನ್ನು ಕೈಗಳಿಗೆ? ಅಜ್ಜಿಯ ಕೈಗೆ ಎಲೆಯಡಿಕೆ ತಟ್ಟೆ, ಮೊಮ್ಮಗಳ ಕೈಗೆ ಬೆಕ್ಕಿನ ಮರಿ ಕೊಟ್ಟು ನೋಡಿ.

ಮಾಲಿ ಸ್ವತಂತ್ರವಾದ ಮೇಲೆ ಕೇಟಾ ಸರ್ಕಾರದ ಛಾಯಾಗ್ರಾಹಕನಾದ, ಸ್ಟುಡಿಯೋ ಮುಚ್ಚಿತು. ಪೆಟ್ಟಿಗೆಗಳಲ್ಲಿ ಉಳಿದ ಸಾವಿರಾರು ನೆಗೆಟಿವ್‌ಗಳು ಹೊರಜಗತ್ತಿಗೆ ಗೊತ್ತಾದದ್ದು 1990ರ ದಶಕದಲ್ಲಿ. 1994ರಲ್ಲಿ ಪ್ಯಾರಿಸ್‌ನ ಕಾರ್ಟಿಯೆ ಪ್ರತಿಷ್ಠಾನ ಅವುಗಳ ಪ್ರದರ್ಶನ ಏರ್ಪಡಿಸಿತು. ಯಾವ ಫೋಟೊ ಯಾವ ವರ್ಷದ್ದೆಂದು ಗುರುತಿಸಲು ಕೇಟಾ ಹಿಡಿದ ದಾರಿ ಸರಳವಾಗಿತ್ತು. ಪರದೆಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುತ್ತಿದ್ದನಾದ್ದರಿಂದ, ಹಿಂದಿನ ಬಟ್ಟೆಯ ಹೂವು ನೋಡಿಯೇ ಕಾಲ ಹೇಳುತ್ತಿದ್ದ.